ಹೆಗಲ ಮೇಲಿನ ನೀರು ಯಾರದು?

ಚಾರಣಕ್ಕೆ ಹೊರಡುವ ಮಕ್ಕಳಿಗೆ ನಾವು ಹಿರಿಯರು ಹೇಳುವ ಬುದ್ಧಿಮಾತು ಎರಡೇ: "ಭಾರ ಹೆಚ್ಚು ಮಾಡಿಕೊಳ್ಳಬೇಡಿ; ನೀರು ಮರೆಯಬೇಡಿ." ಇವೆರಡೂ ಒಂದಕ್ಕೊಂದು ಎದುರಾದವು ಎಂಬುದು ನಮಗೆ ಹೊಳೆಯುವುದಿಲ್ಲ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ತನ್ನ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೊರಬಾರದೆಂಬುದು ಅನುಭವಿಗಳ ಲೆಕ್ಕ. 50 ಕಿಲೋ ತೂಗುವ ಹುಡುಗನಿಗೆ 10 ಕಿಲೋ. ಅದರಲ್ಲಿ 3 ಕಿಲೋ ನೀರಿಗೇ ಹೋಯಿತು. ಹಾಗೆಂದು ಬಿಡುವಂತೆಯೂ ಇಲ್ಲ. ಮಳೆಗಾಲದಲ್ಲಿ ಹೆಜ್ಜೆಗೊಂದು ಝರಿ ಹರಿಯುವ ಸಹ್ಯಾದ್ರಿಯ ಕರಿಗಲ್ಲು ಬೇಸಿಗೆಯಲ್ಲಿ ಕಾದ ಹೆಂಚು. ಕೋಟೆಯ ಮೇಲೆ ಬಂಡೆ ಕೊರೆದ ನೀರಿನ ತೊಟ್ಟಿಗಳಿದ್ದರೂ ಅಲ್ಲಿಗೆ ಮುಟ್ಟುವ ತನಕ ಬೆನ್ನ ಮೇಲಿನ ನೀರೇ ಗತಿ.

ಒಂದು ಮಾರ್ಚ್ ತಿಂಗಳಲ್ಲಿ ನಮ್ಮ ಬಳಗದ ಮಕ್ಕಳೊಡನೆ ಪುಣೆಯ ಹತ್ತಿರದ ರಾಜಗಡಕ್ಕೆ ಹೋಗಿದ್ದೆವು. ರಾಯಗಡಕ್ಕಿಂತ ಮೊದಲು ಶಿವಾಜಿಯ ರಾಜಧಾನಿಯಾಗಿದ್ದ ಕೋಟೆಯದು. ಅರ್ಧ ದಾರಿಯಲ್ಲೇ ಒಬ್ಬ ಹುಡುಗನ ಬಾಟಲಿ ಬರಿದಾಯಿತು. ಚೀಲದ ತುಂಬ ತಿಂಡಿ, ಹಾಡಿನ ಪೆಟ್ಟಿಗೆ. ನೀರು ಮಾತ್ರ ಒಂದೇ ಲೀಟರ್. ಮೂರು ಲೀಟರ್ ಹೊತ್ತು ಬಂದಿದ್ದ ಹುಡುಗಿಯನ್ನು ಕೇಳಿದ. ಅವಳು ಕೊಟ್ಟಳು, ಆದರೆ ಸಂಜೆ ನಮ್ಮೆದುರು ಬಂದು ಕೇಳಿದಳು: "ಭಾರ ಹೊತ್ತವಳು ನಾನು, ಕುಡಿದವನು ಅವನು. ಇದು ನ್ಯಾಯವೆ?"

ನ್ಯಾಯವಲ್ಲ. ಆದರೂ ಅವಳು ಕೊಟ್ಟದ್ದು ಸರಿ. ಬಾಯಾರಿದವನ ಮುಂದೆ ತಪ್ಪು ಯಾರದೆಂದು ವಿಚಾರಣೆ ನಡೆಸಲಾಗದು. ಬಿಸಿಲು ಏರುತ್ತಿರುವಾಗ ಅದು ಜೀವಕ್ಕೇ ಬರುವ ಮಾತು. ಹಾಗಾದರೆ ಉದಾರಿಯ ಹೆಗಲು ಅಲಕ್ಷ್ಯದವನಿಗೆ ಸದಾ ಮೀಸಲೆ? ಅದೂ ಸಲ್ಲದು. ಲೆಕ್ಕ ತೀರಬೇಕಾದ್ದು ಗಂಟಲಿನಲ್ಲಲ್ಲ, ಹೆಗಲಿನಲ್ಲಿ. ಮರುದಿನ ಇಳಿಯುವಾಗ ಆ ಹುಡುಗ ಎಲ್ಲರ ಬಾಟಲಿಗಳಿಗೂ ಕುದಿಸಿ ಆರಿಸಿದ ನೀರು ತುಂಬಿದ, ಅವಳ ಪಾಲಿನ ನೀರನ್ನೂ ತಾನೇ ಹೊತ್ತ. ಯಾರೂ ಬೈಯಬೇಕಾಗಲಿಲ್ಲ.

ಅಂದಿನಿಂದ ನಾವು ಹೊರಡುವ ಹಿಂದಿನ ರಾತ್ರಿಯೇ ಚೀಲಗಳನ್ನು ತೂಗುತ್ತೇವೆ. ತಲೆಗಿಷ್ಟೆಂದು ಹಂಚುವುದಿಲ್ಲ, ಶಕ್ತಿಗೆ ತಕ್ಕಷ್ಟು ಹಂಚುತ್ತೇವೆ. ಎಲ್ಲರಿಗೂ ಸೇರಿದ ನೀರಿನಲ್ಲಿ ಮೊದಲು ಕುಡಿಯುವುದು ಎಲ್ಲರಿಗಿಂತ ಬಡಕಲಾದವನ ಚೀಲದ್ದನ್ನು. ಅವನ ಭಾರ ಮೊದಲು ಇಳಿಯಲಿ ಎಂದು. ಆದರೂ ಪ್ರತಿಯೊಬ್ಬರ ಬಳಿ ಒಂದು ಬಾಟಲಿ ಇರಲೇಬೇಕು. ಗುಂಪು ತಪ್ಪಿದವನಿಗೆ ಗೆಳೆಯನ ಚೀಲ ನೆರವಾಗದು.

ಇದು ನಮಗೆ ಹೊಸ ಪಾಠವೇನಲ್ಲ. ಚಾಳಿನ ನಲ್ಲಿಯಲ್ಲಿ ನಸುಕಿನ ಒಂದೆರಡು ತಾಸು ಮಾತ್ರ ನೀರು ಬರುತ್ತಿದ್ದ ದಿನಗಳಲ್ಲಿ ಊರು ಬಿಟ್ಟು ಬಂದವರು ನಾವು. ನಮ್ಮ ಕೊಡ ತುಂಬದ ದಿನ ಪಕ್ಕದ ಖೋಲಿಯ ಮರಾಠಿ ತಾಯಿ ಅರ್ಧ ಕೊಡ ಸುರಿದು ಕೊಟ್ಟರು. ತಡವಾಗಿ ಎದ್ದದ್ದೇಕೆಂದು ಕೇಳಲಿಲ್ಲ. ಮರುದಿನ ನಾವು ಬೇಗ ಎದ್ದು ಅವರ ಕೊಡವನ್ನೂ ತುಂಬಿಟ್ಟೆವು. ನಮ್ಮ ಮಕ್ಕಳು ಬೆಟ್ಟದಿಂದ ಇಷ್ಟನ್ನು ಹೊತ್ತು ತಂದರೆ ಸಾಕು.