ನೆಲದ ಒಡೆತನ ಮತ್ತು ನೆಲದ ಋಣ

ಒಂದು ಜನಸಮುದಾಯವು ತಾನು ಬಾಳಿದ ನೆಲದೊಂದಿಗೆ ಇಟ್ಟುಕೊಂಡಿರುವ ಧಾರ್ಮಿಕ ಸಂಬಂಧವನ್ನು ಕಾನೂನು ಒಡೆತನವೆಂದು ಒಪ್ಪಬೇಕೇ, ಒಪ್ಪುವುದಾದರೆ ಯಾವ ಆಧಾರದ ಮೇಲೆ ಎಂಬುದು ಆಸ್ಟ್ರೇಲಿಯಾದ ರಾಜ್ಯವ್ಯವಸ್ಥೆಯನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಕಾಡಿರುವ ಪ್ರಶ್ನೆ. 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ವಸಾಹತು ಹೂಡಿದಾಗ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳನ್ನಾಡುವ ಮೂಲನಿವಾಸಿಗಳಿದ್ದರು. ಆದರೂ ಅದನ್ನು ಯಾರಿಗೂ ಸೇರದ ನೆಲವೆಂದೇ ಭಾವಿಸಿ ಆಡಳಿತ ನಡೆಯಿತು. ಆರು ವಸಾಹತುಗಳು ಕೂಡಿ 1901ರಲ್ಲಿ ಒಕ್ಕೂಟವಾದಾಗ ಜಾರಿಗೆ ಬಂದ ಸಂವಿಧಾನವು ದೇಶದ ಜನಸಂಖ್ಯೆಯನ್ನು ಲೆಕ್ಕಹಾಕುವಾಗ ಮೂಲನಿವಾಸಿಗಳನ್ನು ಬಿಟ್ಟುಬಿಡಬೇಕೆಂದು ವಿಧಿಸಿತ್ತು, ಮತ್ತು ಆ ವಿಧಿ ಅಳಿಯಲು 1967ರ ಜನಮತಗಣನೆಯವರೆಗೆ ಕಾಯಬೇಕಾಯಿತು.

ಪ್ರಶ್ನೆಯು ತನ್ನ ಪೂರ್ಣ ತಾತ್ವಿಕ ರೂಪದಲ್ಲಿ ಎದ್ದುನಿಂತದ್ದು ಉತ್ತರದ ಆರ್ನೆಮ್ ಲ್ಯಾಂಡ್ ಪ್ರದೇಶದ ಗೋವ್ ಪರ್ಯಾಯದ್ವೀಪದಲ್ಲಿ. ಅಲ್ಲಿನ ಯೋಲ್ಂಗು ಜನರ ನಂಬಿಕೆಯಂತೆ ಆದಿಯಲ್ಲಿ ವಂಗರ್ ಎಂಬ ಪೂರ್ವಜಶಕ್ತಿಗಳು ನೆಲದ ಮೇಲೆ ಸಂಚರಿಸುತ್ತ ಬೆಟ್ಟ, ಕೊಲ್ಲಿ, ಒರತೆಗಳನ್ನು ರೂಪಿಸಿ, ಆಯಾ ಕುಲಕ್ಕೆ ಆಯಾ ಜಾಗವನ್ನೂ ಅದರ ಹಾಡು, ಚಿತ್ರ, ಆಚರಣೆಗಳನ್ನೂ ವಹಿಸಿಕೊಟ್ಟವು. ಜಾಂಕಾವು ಸೋದರಿಯರು ಪೂರ್ವಸಮುದ್ರದಾಚೆಯಿಂದ ದೋಣಿಯಲ್ಲಿ ಬಂದು ಯಲಂಗ್ಬರ ಎಂಬ ದಡದಲ್ಲಿಳಿದು ತಮ್ಮ ಅಗೆಯುವ ಕೋಲುಗಳನ್ನು ಊರಿದಲ್ಲೆಲ್ಲ ನೀರು ಚಿಮ್ಮಿತೆಂದು ಅವರ ಪುರಾಣ ಹೇಳುತ್ತದೆ. ಆ ಒರತೆಯ ಹಾಡನ್ನು ಹಾಡಬಲ್ಲವನಿಗೆ, ಅದರ ಚಿತ್ರವನ್ನು ಬರೆಯಲು ಅಧಿಕಾರವುಳ್ಳವನಿಗೆ ಆ ಜಾಗದ ಮೇಲೆ ಮಾತನಾಡುವ ಹಕ್ಕಿದೆ. ಹಾಗಾಗಿ ಚಿತ್ರವೇ ಅಲ್ಲಿ ಹಕ್ಕುಪತ್ರವಿದ್ದಂತೆ. ಆದರೆ ತಂದೆಯ ಕುಲದಿಂದ ನೆಲ ಪಡೆದವನು ತನ್ನಿಷ್ಟದಂತೆ ನಡೆಯುವಂತಿಲ್ಲ, ಏಕೆಂದರೆ ಆ ಕುಲದ ಹೆಣ್ಣುಮಕ್ಕಳ ಮಕ್ಕಳು, ಅಂದರೆ ಬೇರೆ ಕುಲಕ್ಕೆ ಸೇರಿದವರು, ತಮ್ಮ ತಾಯಿಯ ನೆಲದ ಆಚರಣೆಗಳು ಕ್ರಮವಾಗಿ ನಡೆಯುತ್ತಿವೆಯೇ ಎಂದು ನೋಡಿಕೊಳ್ಳುವ ಹೊಣೆ ಹೊತ್ತಿರುತ್ತಾರೆ.

ಈ ನೆಲದಡಿ ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ತೆಗೆಯುವ ಅದಿರು, ಹೇರಳವಾಗಿತ್ತು. 1963ರಲ್ಲಿ ಒಕ್ಕೂಟ ಸರ್ಕಾರವು ಯೋಲ್ಂಗು ಜನರನ್ನು ಕೇಳದೆಯೇ ಮೀಸಲು ಪ್ರದೇಶದ ಒಂದು ಭಾಗವನ್ನು ಗಣಿಗಾರಿಕೆಗೆಂದು ಬೇರ್ಪಡಿಸಿದಾಗ, ಅಲ್ಲಿನ ಯಿರ್ಕಾಲ ಎಂಬ ನೆಲೆಯ ಹಿರಿಯರು ತಮ್ಮ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಟೈಪು ಮಾಡಿಸಿದ ಅರ್ಜಿಯನ್ನು ಮರದ ತೊಗಟೆಗೆ ಅಂಟಿಸಿ, ಸುತ್ತಲೂ ತಮ್ಮ ಕುಲಚಿತ್ರಗಳನ್ನು ಬರೆದು ಸಂಸತ್ತಿಗೆ ಕಳುಹಿಸಿದರು. ಯೋಲ್ಂಗು ಜಗತ್ತು ಧುವಾ, ಯಿರ್ರಿಚಾ ಎಂಬ ಎರಡು ಪಾಲುಗಳಾಗಿ ಹಂಚಿಹೋಗಿರುವುದರಿಂದ ಒಂದು ತೊಗಟೆಯ ಅಂಚಿನಲ್ಲಿ ಧುವಾ ಚಿತ್ರಗಳೂ ಇನ್ನೊಂದರಲ್ಲಿ ಯಿರ್ರಿಚಾ ಚಿತ್ರಗಳೂ ಇವೆ. ಸಂಸತ್ತು ಅರ್ಜಿಯನ್ನು ಸ್ವೀಕರಿಸಿತು, ಸಮಿತಿಯನ್ನೂ ನೇಮಿಸಿತು, ಗಣಿಯನ್ನು ಮಾತ್ರ ನಿಲ್ಲಿಸಲಿಲ್ಲ.

ಬಳಿಕ ಕುಲಗಳು ನ್ಯಾಯಾಲಯದ ಮೆಟ್ಟಿಲೇರಿದವು, ಮತ್ತು ಸಾಮಾನ್ಯರು ನೋಡಬಾರದ ರಂಗ ಎಂಬ ಪವಿತ್ರ ವಸ್ತುಗಳನ್ನು ಕೂಡ ತಮ್ಮ ಹಕ್ಕಿನ ಸಾಕ್ಷಿಯಾಗಿ ನ್ಯಾಯಮೂರ್ತಿ ರಿಚರ್ಡ್ ಬ್ಲ್ಯಾಕ್‌ಬರ್ನ್ ಅವರಿಗೆ ತೋರಿಸಿದವು. 1971ರ ಏಪ್ರಿಲ್‌ನಲ್ಲಿ ಹೊರಬಿದ್ದ ತೀರ್ಪು ತಿರಸ್ಕಾರದಿಂದ ಬರೆದದ್ದಲ್ಲ. ಯೋಲ್ಂಗು ಜನರಲ್ಲಿ ಸೂಕ್ಷ್ಮವೂ ವಿಸ್ತಾರವೂ ಆದ ಕಾನೂನುವ್ಯವಸ್ಥೆ ಇದೆಯೆಂದು ಅದು ಮನಸಾರೆ ಒಪ್ಪಿತು. ಆದರೆ ಸ್ವತ್ತಿನ ಹಕ್ಕು ಎಂದರೆ ಸಾಮಾನ್ಯವಾಗಿ ಅನುಭವಿಸುವ, ಇತರರನ್ನು ಹೊರಗಿಡುವ, ಪರಭಾರೆ ಮಾಡುವ ಹಕ್ಕು. ಈ ಮೂರೂ ಕೂಡಿಯೇ ಇರಬೇಕೆಂದು ನ್ಯಾಯಮೂರ್ತಿ ಪಟ್ಟುಹಿಡಿಯದಿದ್ದರೂ, ಸಾಕ್ಷ್ಯದಲ್ಲಿ ಕಂಡದ್ದು ನೆಲವು ಕುಲಕ್ಕೆ ಸೇರಿದ್ದು ಎನ್ನುವುದಕ್ಕಿಂತ ಕುಲವು ನೆಲಕ್ಕೆ ಸೇರಿದ್ದು ಎನ್ನುವ ಭಾವವೇ ಆದ್ದರಿಂದ ಅದನ್ನು ಸ್ವತ್ತೆಂದು ಕರೆಯಲಾಗದೆಂದು ಅವರು ತೀರ್ಮಾನಿಸಿದರು. ಸಂಬಂಧವು ಧಾರ್ಮಿಕವಾಗಿದ್ದುದೇ ಹಕ್ಕಿಗೆ ಅಡ್ಡಿಯಾಯಿತು.

ಈ ತರ್ಕದಲ್ಲಿ ಅಡಗಿರುವ ಊಹೆಯೊಂದನ್ನು ಪರೀಕ್ಷಿಸಬೇಕು: ಹೊಣೆಗಾರಿಕೆಯು ಒಡೆತನಕ್ಕಿಂತ ದುರ್ಬಲವಾದ ಸಂಬಂಧ, ಮಾರಲು ಬಾರದವನು ಒಡೆಯನಲ್ಲ ಎಂಬುದೇ ಆ ಊಹೆ. ಅದೇ ಬ್ರಿಟಿಷ್ ನ್ಯಾಯಪರಂಪರೆಯು ಭಾರತದಲ್ಲಿ ಹೀಗೆ ಹಟ ಹಿಡಿಯಲಿಲ್ಲ. ದೇವಸ್ಥಾನದ ಇನಾಂ ಜಮೀನನ್ನು ಬಲ್ಲ ಕನ್ನಡ ಓದುಗರಿಗೆ ಗೊತ್ತಿರುವಂತೆ, ಇಲ್ಲಿ ದೇವರೇ ನೆಲದ ಒಡೆಯನಾಗಬಹುದು, ಅರ್ಚಕ ಅಥವಾ ಧರ್ಮದರ್ಶಿ ಬರಿಯ ಪಾಲಕ. 1925ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕಲ್ಕತ್ತದ ಒಂದು ಕುಟುಂಬದ ವಿಗ್ರಹದ ವ್ಯಾಜ್ಯದಲ್ಲಿ ಆ ವಿಗ್ರಹವನ್ನು ನ್ಯಾಯಿಕ ವ್ಯಕ್ತಿಯೆಂದು, ಅಂದರೆ ಕಾನೂನಿನ ಕಣ್ಣಿಗೆ ತನ್ನದೇ ಹಿತಾಸಕ್ತಿಯುಳ್ಳ ವ್ಯಕ್ತಿಯೆಂದು ಎತ್ತಿಹಿಡಿಯಿತು. ಗುಡಿ, ದಾಖಲೆ, ಪುರೋಹಿತವರ್ಗ ಇದ್ದ ಧರ್ಮಕ್ಕೆ ದೊರೆತ ಈ ಔದಾರ್ಯವು, ಒರತೆ ಮತ್ತು ಹಾಡುಗಳೇ ಗುಡಿಯಾಗಿದ್ದ ಧರ್ಮಕ್ಕೆ ದೊರೆಯದೆ ಹೋದದ್ದನ್ನು ತಾತ್ವಿಕ ಅನಿವಾರ್ಯತೆ ಎನ್ನಲಾಗದು. ಕಾಣಲು ಕಲಿತದ್ದನ್ನಷ್ಟೇ ನ್ಯಾಯಾಲಯ ಕಂಡಿತು.

ಮುಂದಿನ ತಿರುವು ವಿಚಿತ್ರವಾದುದು. ಗೋವ್ ಸೇರಿರುವ ಉತ್ತರ ಪ್ರಾಂತಕ್ಕೆಂದು 1976ರಲ್ಲಿ ಸಂಸತ್ತು ರೂಪಿಸಿದ ಭೂಹಕ್ಕು ಕಾಯಿದೆಯು ಪವಿತ್ರ ಸ್ಥಳವೊಂದರೊಂದಿಗೆ ಸಮಾನ ಆಧ್ಯಾತ್ಮಿಕ ನಂಟು ಮತ್ತು ಅದರ ಪ್ರಧಾನ ಹೊಣೆ ಉಳ್ಳವರನ್ನೇ ಪಾರಂಪರಿಕ ಒಡೆಯರೆಂದು ಗುರುತಿಸಿತು. ಐದು ವರ್ಷಗಳ ಹಿಂದೆ ಹಕ್ಕನ್ನು ಕೆಡಿಸಿದ್ದ ಧಾರ್ಮಿಕತೆಯೇ ಈಗ ಹಕ್ಕಿನ ಷರತ್ತಾಯಿತು. 1992ರ ಮಾಬೊ ತೀರ್ಪಿನಲ್ಲಿ ದೇಶದ ಹೈಕೋರ್ಟ್, ಆಸ್ಟ್ರೇಲಿಯಾದಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ, ಯಾರಿಗೂ ಸೇರದ ನೆಲವೆಂಬ ಕಲ್ಪನೆಯನ್ನು ತಳ್ಳಿಹಾಕಿ ಮೂಲನಿವಾಸಿ ಹಕ್ಕನ್ನು ಮಾನ್ಯಮಾಡಿತು. ಗೆದ್ದವರು ಟಾರಸ್ ಜಲಸಂಧಿಯ ಮೇರ್ ದ್ವೀಪದವರು. ಅವರದು ಗಡಿ ಗುರುತಿಸಿದ ತೋಟಗಳಿದ್ದ, ಬೇಸಾಯ ಬಲ್ಲ ಸಮಾಜವೆಂಬುದನ್ನು ಮರೆಯಬಾರದು. ಬೇಲಿಯನ್ನು ಹೋಲುವ ಏನಾದರೊಂದು ಕಂಡಾಗ ಕಾನೂನಿಗೆ ಒಪ್ಪುವುದು ಸುಲಭವಾಗುತ್ತದೆ.

ಆಧ್ಯಾತ್ಮಿಕ ನಂಟೇ ಪುರಾವೆಯಾದಾಗ ಅದನ್ನು ಹೇಗೆ ಸಾಬೀತುಪಡಿಸಬೇಕೆಂಬ ತೊಡಕು ಎದುರಾಗುತ್ತದೆ. ಮರ್ರೆ ನದಿ ತೀರದ ಯೋರ್ಟ ಯೋರ್ಟ ಜನರ ದಾವೆಯಲ್ಲಿ ವಿಚಾರಣಾ ನ್ಯಾಯಾಧೀಶರು ಹಿರಿಯರ ಬಾಯಿಮಾತಿಗಿಂತ 19ನೇ ಶತಮಾನದ ಬಿಳಿಯ ಪಶುಪಾಲಕ ಎಡ್ವರ್ಡ್ ಕರ್‌ನ ಬರಹಕ್ಕೆ ಹೆಚ್ಚು ತೂಕ ಕೊಟ್ಟರು, ಮತ್ತು 2002ರಲ್ಲಿ ಹೈಕೋರ್ಟ್ ಆ ಜನರ ಮೇಲ್ಮನವಿಯನ್ನು ವಜಾ ಮಾಡಿತು. ನೆಲದಿಂದ ಒಕ್ಕಲೆಬ್ಬಿಸಿದ ವ್ಯವಸ್ಥೆಯೇ ಆಚರಣೆ ಮುರಿಯದೆ ಬಂದಿದೆಯೇ ಎಂದು ಕೇಳುವುದು ಇಲ್ಲಿನ ಕಠೋರ ಅಸಂಗತಿ. ದಕ್ಷಿಣ ಆಸ್ಟ್ರೇಲಿಯಾದ ಹಿಂಡ್‌ಮಾರ್ಶ್ ದ್ವೀಪಕ್ಕೆ ಸೇತುವೆ ಕಟ್ಟುವುದನ್ನು ವಿರೋಧಿಸಿದ ನ್ಗಾರಿಂಜೆರಿ ಮಹಿಳೆಯರ ಪಾಡು ಇನ್ನೂ ಬಿಗಿಯಾದುದು. ಗಂಡಸರು ತಿಳಿಯಬಾರದ ಸ್ತ್ರೀರಹಸ್ಯಗಳು ಆ ಸ್ಥಳಕ್ಕೆ ಸಂಬಂಧಿಸಿವೆಯೆಂದು ಹೇಳಿದ ಅವರು ಅದರ ವಿಚಾರಣೆಗೆಂದು ನೇಮಕವಾದ ರಾಯಲ್ ಆಯೋಗದ ಮುಂದೆ ಅವನ್ನು ಬಿಚ್ಚಿಡಲೊಲ್ಲದೆ ಹೋದಾಗ, 1995ರಲ್ಲಿ ಆ ಆಯೋಗವು ಎಲ್ಲವೂ ಕಟ್ಟುಕಥೆ ಎಂದಿತು. 2001ರಲ್ಲಿ ಫೆಡರಲ್ ನ್ಯಾಯಾಲಯವು ಹಾಗೆ ನಂಬಲು ಆಧಾರ ಸಾಲದೆಂದಿತು. ಅಷ್ಟರಲ್ಲಿ ಸೇತುವೆ ಕಟ್ಟಿ ಮುಗಿದಿತ್ತು. ಬಹಿರಂಗವಾದೊಡನೆ ಪಾವಿತ್ರ್ಯ ಕಳೆದುಕೊಳ್ಳುವ ಜ್ಞಾನವನ್ನು ಬಹಿರಂಗಪಡಿಸಿಯೇ ಕಾಪಾಡಿಕೊಳ್ಳಿ ಎಂಬ ಬೇಡಿಕೆಯು ನ್ಯಾಯವಿಚಾರಣೆಯ ಮಿತಿಯನ್ನು ತೋರಿಸುತ್ತದೆಯೇ ಹೊರತು ನಂಬಿಕೆಯ ಸುಳ್ಳನ್ನಲ್ಲ.

2017ರಲ್ಲಿ ಉಲುರುವಿನಲ್ಲಿ ಸೇರಿದ ಮೂಲನಿವಾಸಿ ಪ್ರತಿನಿಧಿಗಳ ಘೋಷಣೆಯು ತಮ್ಮ ಸಾರ್ವಭೌಮತ್ವವನ್ನೇ ನೆಲಕ್ಕೂ ಜನಕ್ಕೂ ಇರುವ ಆಧ್ಯಾತ್ಮಿಕ ಬಂಧವೆಂದು ನಿರೂಪಿಸಿತು. ಅದು ಕೇಳಿದ್ದ, ಸಂಸತ್ತಿಗೆ ಸಲಹೆ ನೀಡುವ ಮೂಲನಿವಾಸಿ ಮಂಡಳಿಯನ್ನು 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಸುಮಾರು ಶೇಕಡಾ 60ರಷ್ಟು ಮತದಾರರು ತಿರಸ್ಕರಿಸಿದರು. ನ್ಯಾಯಾಲಯಗಳು ಮಾತ್ರ ಬೇರೆ ದಾರಿಯಲ್ಲಿ ಸಾಗಿವೆ. 2019ರಲ್ಲಿ ಟಿಂಬರ್ ಕ್ರೀಕ್ ಪ್ರಕರಣದಲ್ಲಿ ಹೈಕೋರ್ಟ್ ನೆಲದೊಂದಿಗಿನ ಆಧ್ಯಾತ್ಮಿಕ ಸಂಬಂಧಕ್ಕಾದ ನಷ್ಟಕ್ಕೆಂದೇ 13 ಲಕ್ಷ ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. 2025ರ ಮಾರ್ಚ್‌ನಲ್ಲಿ, ಬ್ಲ್ಯಾಕ್‌ಬರ್ನ್ ಅವರು ಸ್ವತ್ತಲ್ಲವೆಂದಿದ್ದ ಅದೇ ಗೋವ್ ನೆಲಕ್ಕೆ ಸಂಬಂಧಿಸಿದಂತೆ, ಮೂಲನಿವಾಸಿ ಹಕ್ಕು ಸಂವಿಧಾನವೇ ನ್ಯಾಯಯುತ ಪರಿಹಾರದ ಭರವಸೆ ನೀಡುವ ಸ್ವತ್ತೆಂದು ಅದು ತೀರ್ಪಿತ್ತಿತು. ದಾವೆ ಹೂಡಿದ್ದ ಯೋಲ್ಂಗು ಹಿರಿಯ ಯುನುಪಿಂಗು ಎರಡು ವರ್ಷಗಳ ಹಿಂದೆಯೇ ತೀರಿಕೊಂಡಿದ್ದರು, ಮತ್ತು ತೀರ್ಪು ಪರಿಹಾರದ ಮೊತ್ತವನ್ನು ನಿಗದಿಪಡಿಸಲಿಲ್ಲ.