ದಾಸೋಹವೂ ಸರಕಾರದ ಬೊಕ್ಕಸವೂ

ದಾನಕ್ಕೆ ಕೊಟ್ಟೆನೆಂಬ ಅಹಂಕಾರವುಂಟು, ದಾಸೋಹಕ್ಕೆ ಅದಿಲ್ಲ. ಗುಡಿಯ ಜಗಲಿಯಲ್ಲಿ, ಬಸ್ಸುನಿಲ್ದಾಣದಲ್ಲಿ ಇರುಳು ಕಳೆಯುವ ಮನೆಯಿಲ್ಲದ ವೃದ್ಧರೂ ಒಂದು ಕಾಲಕ್ಕೆ ಕಾಯಕಜೀವಿಗಳೇ. ಊರು ಉಣ್ಣುವ ಅನ್ನದಲ್ಲಿ, ನಡೆಯುವ ದಾರಿಯಲ್ಲಿ ಅವರ ಬೆವರಿದೆ. ಆದುದರಿಂದ ಅವರಿಗೆ ಆಶ್ರಯವೀಯುವುದು ಭಿಕ್ಷೆಯಲ್ಲ, ಋಣಪರಿಹಾರ.

ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕೇಂದ್ರ ಶಾಸನವು, ನಿರ್ಗತಿಕ ವೃದ್ಧರಿಗೆ ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿಗೆ ಎಡೆಯುಳ್ಳ ವೃದ್ಧಾಶ್ರಮವನ್ನು ರಾಜ್ಯ ಸರಕಾರಗಳು ಸ್ಥಾಪಿಸಬಹುದೆಂದಿತು. ‘ಬಹುದು’ ಎಂದಿತೇ ಹೊರತು ‘ಬೇಕು’ ಎನ್ನಲಿಲ್ಲ. ಆ ‘ಬೇಕು’ ಶಿವಭಕ್ತರ ಬಾಯಿಂದ ಬರಬೇಕು.

ಸರಕಾರದ ಬೊಕ್ಕಸವೂ ಪ್ರಜೆಗಳ ಕಾಯಕದ ಫಲವೇ. ಸಂತೋಷದಿಂದ ತೆರಿಗೆ ಸಲ್ಲಿಸುವುದೂ, ಅದರಿಂದ ದಿಕ್ಕಿಲ್ಲದ ವೃದ್ಧರಿಗೆ ಸೂರು ಕೇಳುವುದೂ ದಾಸೋಹವೇ. ಆದರೆ ಹೆತ್ತವರನ್ನು ತಾನೇ ಹೊರಗಟ್ಟಿ ಆ ಸೂರನ್ನು ಕೇಳುವವನ ಲಿಂಗಪೂಜೆ ನಿಷ್ಫಲ.