ಒಂದೇ ಹೊಸಿಲ ಬೆರಗು

ಮಲ್ಲಿಗೆಯ ಮೊಗ್ಗನ್ನು ಬಿಸಿಲೇರುವ ಮುಂಚೆ ಬಿಡಿಸುತ್ತಾರೆ. ಹಗಲೆಲ್ಲ ಅದು ಒದ್ದೆ ಬಟ್ಟೆಯೊಳಗೋ ಬಾಳೆನಾರಿನ ಗಂಟುಗಳ ನಡುವೆಯೋ ಮುಚ್ಚಿಕೊಂಡೇ ಇರುತ್ತದೆ, ಕಟ್ಟುವವಳ ಬೆರಳಿಗೂ ತನ್ನ ಪರಿಮಳವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ, ಆಮೇಲೆ ದೀಪ ಹಚ್ಚುವ ಹೊತ್ತಿಗೆ, ಯಾವ ಗಳಿಗೆಯಲ್ಲೆಂದು ಕಾದು ಕುಳಿತವರಿಗೂ ತಿಳಿಯದ ಹಾಗೆ ಎಸಳು ಸಡಿಲಿಸಿ, ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ ನಡೆದುಹೋಗುತ್ತದೆ. ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಎಂಬತ್ತೆಂಟು ವರ್ಷಗಳ ಬಾಳನ್ನು ನೆನೆದಾಗಲೆಲ್ಲ ನಾನು ಬೆರಗಾಗುವುದು ಇಂಥ ನಿಧಾನದ, ಸದ್ದಿಲ್ಲದ ಅರಳುವಿಕೆಗೆ.

ಅವರು ಹುಟ್ಟಿದ್ದು 1915ರ ಜನವರಿ 26ರಂದು, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ, ಹೊಯ್ಸಳರ ಕಾಲದ ಬ್ರಹ್ಮೇಶ್ವರನ ಗುಡಿಯಿರುವ ಊರಿನಲ್ಲಿ. ವೆಂಕಮ್ಮನವರ ಕೈ ಹಿಡಿದದ್ದು 1936ರಲ್ಲಿ. 1942ರಲ್ಲಿ ‘ಮೈಸೂರ ಮಲ್ಲಿಗೆ’ ಕವನ ಸಂಕಲನ ಬಂದಾಗ ಕವಿಗೆ ಇಪ್ಪತ್ತೇಳು. ದೂರದಲ್ಲಿರುವವಳಿಗಾಗಿ, ಸಿಗದವಳಿಗಾಗಿ ಹಾಡಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ತರುಣನೋ ತನ್ನದೇ ಮನೆಯ ಹೊಸಿಲಿನಲ್ಲಿ ನಿಂತು, ಒಳಗೆ ಬಳೆಯ ಸದ್ದು ಮಾಡುತ್ತ ಓಡಾಡುತ್ತಿದ್ದವಳ ಕಡೆಗೆ ತಿರುಗಿ, ಇವಳೇ ಸಾಕು, ಇಷ್ಟು ಬೆಳಕೇ ಬೇಕಾದಷ್ಟಾಯಿತು ಎನ್ನುವ ಹಾಗೆ ಹಾಡತೊಡಗಿದ. ಅಷ್ಟು ಹತ್ತಿರದಲ್ಲಿರುವುದನ್ನು ಅಷ್ಟು ಬೆರಗಿನಿಂದ ನೋಡಲು ಎಂಥ ಕಣ್ಣು ಬೇಕು!

ಅಕ್ಕಿ ಆರಿಸುವ ಹುಡುಗಿಯ ಪದ್ಯವೊಂದಿದೆ ಅವರದು. ಅದನ್ನು ಓದಿದ ಮೇಲೆ ಮೊರದ ಮುಂದೆ ಕುಳಿತ ಯಾವ ಹೆಂಗಸನ್ನೂ ನಾನು ಮೊದಲಿನ ಹಾಗೆ ನೋಡಿಲ್ಲ. ಅಕ್ಕಿಯನ್ನು ಮೊರದ ತುಂಬ ತೆಳ್ಳಗೆ ಹರಡಿಕೊಂಡು, ತೋರುಬೆರಳಿನ ತುದಿಯಿಂದ ಒಂದೊಂದೇ ಸಾಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ, ಕಲ್ಲು ಸಿಕ್ಕರೆ ಒಂದು ಕಡೆ, ನೆಲ್ಲು ಸಿಕ್ಕರೆ ಇನ್ನೊಂದು ಕಡೆ ಇಡುತ್ತ, ಬೆರಳು ತಾನಾಗಿ ತನ್ನ ಕೆಲಸ ಮಾಡುತ್ತಿರುವಾಗ ಮನಸ್ಸು ಎಲ್ಲೋ ತವರಿನ ದಾರಿಯಲ್ಲಿ, ಎಲ್ಲೋ ಬೀದಿಯ ತಿರುವಿನಲ್ಲಿ ಇರುತ್ತದೆ. ಬಳೆಗಳು ಮಣಿಕಟ್ಟಿಗೂ ಮೊಣಕೈಗೂ ನಡುವೆ ಏರುತ್ತ ಇಳಿಯುತ್ತ ಆ ದೂರವನ್ನೇ ಅಳೆಯುತ್ತಿರುವಂತೆ ಕೇಳಿಸುತ್ತದೆ. ಗುಡಿಯ ಗರ್ಭಗೃಹದ ಎದುರು ನಿಂತಾಗ ತಾನಾಗಿ ತಗ್ಗುವ ದನಿ, ಆ ಮೊರದ ಎದುರೂ ತಗ್ಗುತ್ತದೆ. ಹಾಗೆ ತಗ್ಗಬೇಕೆಂದು ಕವಿ ಎಲ್ಲಿಯೂ ಹೇಳಿಲ್ಲ, ಅಕ್ಕಿಯನ್ನೂ ಬೆರಳನ್ನೂ ತೋರಿಸಿ ಸುಮ್ಮನಾಗಿದ್ದಾರೆ.

ಹುಣ್ಣಿಮೆಯ ರಾತ್ರಿ ಮಾವನ ಮನೆಗೆ ಬರುವ ರಾಯರ ಪದ್ಯವಂತೂ ಎಲ್ಲರಿಗೂ ಗೊತ್ತು. ಕಾಲು ತೊಳೆಯಲು ಬಿಸಿನೀರು ಬರುತ್ತದೆ, ಪಾಯಸ ಬರುತ್ತದೆ, ಉಪಚಾರಕ್ಕೆ ಉಪಚಾರ ಸೇರಿ ಮನೆಯೇ ಮುಂದೆ ಬಂದು ನಿಲ್ಲುತ್ತದೆ, ಮಡದಿ ಮಾತ್ರ ಆ ರಾತ್ರಿ ಬರುವುದಿಲ್ಲ. ಆ ಒಬ್ಬಳಿಲ್ಲದ್ದಕ್ಕೆ ದೀಪಗಳೂ ಮಲ್ಲಿಗೆಯೂ ತುಂಬಿದ ಮನೆ ಎಷ್ಟು ಬರಿದಾಗಬಲ್ಲದೆಂದು ರಾಯರ ಮೌನವೇ ತಿಳಿಸುತ್ತದೆ. ಬಳೆಗಾರ ಚೆನ್ನಯ್ಯ ಬಂದಾಗಲೂ ಹಾಗೆಯೇ: ನವಿಲೂರಿನಿಂದ ನಡೆದು ಬಂದು ಗಂಡನ ಬಾಗಿಲಲ್ಲಿ ನಿಂತು, ತವರಿಗೆ ಹೋದವಳ ಸುದ್ದಿ ಹೇಳುವ ಆ ಹಿರಿಯನ ಮಾತಿನಲ್ಲಿ ಎಷ್ಟು ಮರ್ಯಾದೆ, ಎಷ್ಟು ಕಕ್ಕುಲಾತಿ! ಒಂದು ದಾಂಪತ್ಯವನ್ನು ಊರೆಲ್ಲ ಸೇರಿ ಕಾಪಾಡುತ್ತಿದ್ದ ಕಾಲವೊಂದು ಆ ಪದ್ಯದಲ್ಲಿ ಇನ್ನೂ ಉಸಿರಾಡುತ್ತಿದೆ. ಮತ್ತೊಂದು ಪದ್ಯದಲ್ಲಿ ಹೆಂಡತಿ ಹತ್ತು ವರ್ಷ ಹಿಂದಿನ ತೇರಿನ ಗದ್ದಲವನ್ನು ನೆನಪಿಗೆ ತಂದು, ಅಂದು ಅಲ್ಲಿ ಸುಳಿದಾಡಿದವರು ನೀವೇ ತಾನೆ ಎಂದು ಗಂಡನನ್ನು ಕೆಣಕುತ್ತಾಳೆ; ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅದೇ, ಏಕೆಂದರೆ ಅಲ್ಲಿ ನೋಡಿದವನು ಅವನೊಬ್ಬನೇ ಆಗಿರಲಿಲ್ಲ, ಅವಳೂ ಅವನನ್ನು ನೋಡಿದ್ದಳು, ನೋಡಿ ಹತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದಳು.

ಇಷ್ಟೆಲ್ಲ ಬೆಳದಿಂಗಳನ್ನು ಬರೆದವರು ಹಗಲಿಡೀ ಸರ್ಕಾರಿ ಕಚೇರಿಗಳಲ್ಲಿ ಕಡತ ನೋಡಿದ ಗುಮಾಸ್ತರು. ತುಂಬು ಸಂಸಾರ, ಚಿಕ್ಕ ಸಂಬಳ. ಕನ್ನಡದ ಮನೆಮನೆಯಲ್ಲೂ ಓದಿಸಿಕೊಂಡ ಆ ಪುಸ್ತಕದ ಹಕ್ಕನ್ನೇ ಕೈಕಟ್ಟಿದಾಗ ಮಾರಬೇಕಾಯಿತು ಎಂಬುದನ್ನು ನೆನೆದರೆ ಈಗಲೂ ನನ್ನ ಮನಸ್ಸು ಹಿಂಡಿದಂತಾಗುತ್ತದೆ. ತಿಂಗಳ ಮೊದಲ ವಾರದಲ್ಲಿ ಬಾಡಿಗೆ, ಹಾಲು, ದಿನಸಿ ಎಂದು ಎಣಿಸಿಟ್ಟ ಮೇಲೆ ಉಳಿದ ಪುಡಿಗಾಸಿನಲ್ಲಿ ಮಕ್ಕಳ ಪುಸ್ತಕವೋ ಮಡದಿಗೆ ಒಂದು ಮೊಳ ಹೂವೋ ಎಂದು ಅಂಗಡಿಯ ಮುಂದೆ ನಿಂತು ಯೋಚಿಸುತ್ತಿದ್ದ ಆ ತಲೆಮಾರಿನ ತಂದೆಯರನ್ನು ಕಂಡವರಿಗೆ ಗೊತ್ತು, ಪ್ರೀತಿ ಅವರಲ್ಲಿ ಮಾತಾಗಿ ಹೊರಗೆ ಬರುತ್ತಿದ್ದುದು ಎಷ್ಟು ಕಡಿಮೆ, ಎರಡನ್ನೂ ಕೊಂಡು ತಂದು ಚೀಲದ ಮೂಲೆಯಿಂದ ಮೆಲ್ಲಗೆ ತೆಗೆದಿಡುವ ಕೈಯಲ್ಲಿ ಎಷ್ಟು ಹೆಚ್ಚು. 1960ರ ಸಂಕಲನಕ್ಕೆ ಅವರು ‘ಮನೆಯಿಂದ ಮನೆಗೆ’ ಎಂದು ಹೆಸರಿಟ್ಟರು. ಆ ಹೆಸರನ್ನು ನೋಡಿದಾಗ, ಪಾತ್ರೆಪಡಗದ ಗಾಡಿಯ ಹಿಂದೆ ನಡೆಯುವ ಮಕ್ಕಳು, ಹೊಸ ಬಾಡಿಗೆ ಮನೆಯ ಗೋಡೆಯಲ್ಲಿ ಹಳೆಯ ಬಾಡಿಗೆದಾರರು ಬಿಟ್ಟುಹೋದ ಮೊಳೆಗಳು, ಎಲ್ಲಕ್ಕಿಂತ ಮೊದಲು ಒಳಗೆ ಹೋಗಿ ಹಾಲುಕ್ಕಿಸುವ ಮನೆಯೊಡತಿ ನನ್ನ ಕಣ್ಣಿಗೆ ಕಟ್ಟುತ್ತಾರೆ.

ಕಾಲ ಕಳೆದಂತೆ ಹಾಡಿನ ಲಯ ಮುರಿಯಿತು, ದನಿ ಒರಟಾಯಿತು, ಸಂದೇಹಗಳೂ ದಣಿವೂ ಒಳಗೆ ಬಂದು ಕುಳಿತವು. 1958ರ ‘ಶಿಲಾಲತೆ’ ಮೊದಲಿನ ಮಲ್ಲಿಗೆಯ ಕವಿಯದೇ ಎಂದು ನಂಬುವುದು ಕೆಲವರಿಗೆ ಕಷ್ಟವಾಗಿರಬೇಕು. ನನಗೆ ಮಾತ್ರ ಅಲ್ಲಿ ಕಿಕ್ಕೇರಿಯ ಕಲ್ಲು ಕಾಣುತ್ತದೆ, ಎಂಟು ಶತಮಾನಗಳ ಮಳೆಬಿಸಿಲಿಗೆ ಕಪ್ಪಾಗಿ, ಮುಟ್ಟಿದರೆ ಒಳಗಿನ ತಂಪನ್ನು ಅಂಗೈಗೆ ಕೊಡುವ ಕಲ್ಲು. ಒಂದೇ ಮುಖವನ್ನು ಇಪ್ಪತ್ತು ವರ್ಷ ನೋಡಿದವನಿಗೆ ಅದರಲ್ಲಿ ಹೂವೂ ಕಲ್ಲೂ ಒಟ್ಟಿಗೆ ಕಂಡರೆ ಅದು ಪ್ರೀತಿಯ ಕೊರತೆ ಎಂದು ನಾನು ಒಪ್ಪಲಾರೆ. ಮುಂದೆ ‘ತೆರೆದ ಬಾಗಿಲು’ ಬಂದು 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು; ಆ ಹೊತ್ತಿಗೆ ಅವರು ಕಚೇರಿಯಿಂದ ನಿವೃತ್ತರಾಗಿ ಆಗಲೇ ಕೆಲವು ವರ್ಷಗಳಾಗಿದ್ದವು.

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ‘ದುಂಡುಮಲ್ಲಿಗೆ’, ಎಂಬತ್ತು ದಾಟಿದ ಮೇಲೂ ‘ನವಿಲ ದನಿ’, ‘ಸಂಜೆ ಹಾಡು’. ಹೂವೂ ನವಿಲೂ ಅರವತ್ತು ವರ್ಷಗಳಾದರೂ ಆ ಅಂಗಳ ಬಿಟ್ಟು ಹೋಗಿರಲಿಲ್ಲ. ಅಷ್ಟರಲ್ಲಿ 1992ರಲ್ಲಿ ನಾಗಾಭರಣರು ‘ಮೈಸೂರ ಮಲ್ಲಿಗೆ’ಯ ಹೆಸರಿನಲ್ಲೇ ಸಿನಿಮಾ ಮಾಡಿದ್ದರು, ಅಶ್ವಥ್ ಅವರ ರಾಗಗಳಲ್ಲಿ ಆ ಹಾಡುಗಳು ಕ್ಯಾಸೆಟ್ ಹತ್ತಿ ಊರೂರು ಸುತ್ತಿದ್ದವು. 2003ರ ಡಿಸೆಂಬರಿನಲ್ಲಿ ಕವಿ ತೀರಿಕೊಂಡಾಗ, ಅವರನ್ನು ಒಮ್ಮೆಯೂ ನೋಡದ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ತಮ್ಮ ಮದುವೆಯ ಹೊಸತರಲ್ಲಿ ಕೇಳಿದ ಹಾಡನ್ನು ನೆನಪು ಮಾಡಿಕೊಂಡರು. ಇವತ್ತಿಗೂ ನಮ್ಮ ಕಡೆಯ ಮದುವೆಗಳಲ್ಲಿ, ಊಟ ಮುಗಿದು ಬೀಗರು ಜಮಖಾನದ ಮೇಲೆ ಒರಗಿದ ಹೊತ್ತಿಗೆ ಯಾರಾದರೊಬ್ಬ ಅತ್ತಿಗೆಯೋ ಚಿಕ್ಕಮ್ಮನೋ ರಾಯರ ಹಾಡು ಎತ್ತಿಕೊಳ್ಳುತ್ತಾರೆ, ಎರಡನೆಯ ಸಾಲಿಗೆ ಉಳಿದವರು ಸೇರುತ್ತಾರೆ, ಮದುಮಗಳು ತಲೆ ತಗ್ಗಿಸಿಕೊಂಡೇ ಕೇಳುತ್ತಾಳೆ, ಹೊಸ ಅಳಿಯನಿಗೆ ಆ ಹಾಡು ತನ್ನನ್ನು ಕುರಿತೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ.